ಪರದೆಯ ಮೇಲೆ ಸೊಣ್ಣಮ್ಮನ ಕೈ

ಯಶವಂತಪುರದಲ್ಲಿ ರೇಡಿಯೊಗೆ ಬೇಕಾದ ತಾಮ್ರದ ತಂತಿಯ ಕಾಯಿಲ್ ಸುತ್ತುವ ಸಣ್ಣ ಕಾರ್ಖಾನೆಯೊಂದಿತ್ತು. ಅಲ್ಲಿಯ ಹೆಂಗಸರಲ್ಲಿ ಜಾಲಹಳ್ಳಿಯ ಸೊಣ್ಣಮ್ಮನಷ್ಟು ಚುರುಕಾದ ಕೈ ಇನ್ನೊಂದಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಕೇಡು ಹುಟ್ಟಿದ್ದು ಅಲ್ಲಿಂದಲೇ.

ಅರವತ್ತೆರಡನೇ ಇಸವಿಯಲ್ಲಿ ಎಂಜಿನಿಯರೊಬ್ಬರು ಸಿನಿಮಾ ಕ್ಯಾಮೆರಾ ತಂದರು. ಓಡುವ ಕುದುರೆಯ ನಾಲ್ಕು ಕಾಲೂ ಒಮ್ಮೆಗೇ ನೆಲ ಬಿಡುತ್ತವೆಯೇ ಎಂದು ತಿಳಿಯಲು ಹಿಂದೆ ಯಾರೋ ಸಾಲಾಗಿ ಕ್ಯಾಮೆರಾ ಇಟ್ಟು ಚಿತ್ರ ತೆಗೆದಿದ್ದರಂತೆ. ಕಣ್ಣಿಗೆ ಸಿಗದ್ದು ಚಿತ್ರಕ್ಕೆ ಸಿಕ್ಕಿತು. ಅದೇ ವಿದ್ಯೆಯಿಂದ ಹಕ್ಕಿಯ ರೆಕ್ಕೆ, ರೋಗಿಯ ನಡಿಗೆ ಎಲ್ಲ ಅಳೆದರು, ಈಗ ಕೆಲಸಗಾರರ ಕೈ ಅಳೆಯುತ್ತಾರೆ ಎಂದು ವಿವರಿಸಿದರು. ಸೊಣ್ಣಮ್ಮನ ಕೈಯ ವೇಗ ನೋಡಿ ಎಲ್ಲರಿಗೂ ದಿನಕ್ಕೆ ಇಷ್ಟು ಕೆಲಸ ಎಂದು ಗೊತ್ತುಮಾಡುವುದೆಂದು ತೀರ್ಮಾನವಾಯಿತು.

ಅವಳ ಪಕ್ಕದಲ್ಲಿ ಕೂರುತ್ತಿದ್ದ ಯಲ್ಲಮ್ಮನಿಗೆ ವಯಸ್ಸಾಗಿ ಕಣ್ಣು ಮಂಜಾಗಿತ್ತು. ಆಗ ಇದ್ದಷ್ಟು ಕೆಲಸವನ್ನೇ ಹೇಗೋ ಮುಗಿಸುತ್ತಿದ್ದಳು. ಕ್ಯಾಮೆರಾ ಮುಂದೆ ನಿಧಾನವಾಗಿ ಸುತ್ತೆಂದು ಎಲ್ಲರೂ ಸೊಣ್ಣಮ್ಮನನ್ನು ಕೇಳಿಕೊಂಡರು. ಅವಳು ಒಪ್ಪಿದಳು.

"ನಮ್ ಸೊಣ್ಣಿ ಸಿನಿಮಾಕ್ಕೆ ಸೇರ್ಕೊಂಡ್ಳು, ಇನ್ ನಮ್ಮನ್ನೆಲ್ಲಿ ಮಾತಾಡುಸ್ತಾಳೆ" ಎಂದು ಯಲ್ಲಮ್ಮ ನಗೆಯಾಡಿದಳು.

ಚಿತ್ರ ತೆಗೆಯುವ ಕೋಣೆಗೆ ಬೇರೆಯವರನ್ನು ಬಿಡಲಿಲ್ಲ. ಹೊರಗೆ ಬಂದ ಸೊಣ್ಣಮ್ಮ, ದೀಪದ ಬೆಳಕಿಗೆ ಗಾಬರಿಯಾಗಿ ಕೈ ತಾನಾಗಿ ಓಡಿಬಿಟ್ಟಿತು ಎಂದಳು. ಎಲ್ಲರೂ ನಂಬಿದರು. ಯಲ್ಲಮ್ಮ ಅವಳಿಗೇ ಸಮಾಧಾನ ಹೇಳಿದಳು.

ವಾರ ಕಳೆದು, ಊಟದ ಮನೆಯಲ್ಲಿ ಬಿಳಿ ಪಂಚೆ ಕಟ್ಟಿ ಅದರ ಮೇಲೆ ಆ ಸಿನಿಮಾ ತೋರಿಸಿದರು. ಎಂಜಿನಿಯರು ಒಂದೊಂದೇ ಚಿತ್ರವನ್ನು ನಿಲ್ಲಿಸಿ ಬೆರಳುಗಳನ್ನು ಕೋಲಿನಿಂದ ತೋರಿಸಿದರು. ಹೆಂಗಸರು ನೋಡಿದ್ದು ಮಣಿಕಟ್ಟನ್ನು. ಅಲ್ಲಿ ಗಾಜಿನ ಬಳೆ ಒಂದೂ ಇರಲಿಲ್ಲ. ಗಂಡ ಬದುಕಿರುವವಳು ಕೈ ಬೋಳು ಮಾಡಿಕೊಳ್ಳುವುದಿಲ್ಲ. ತಂತಿಗೆ ತಡೆಯಾಗದಿರಲೆಂದು ನಲ್ಲಿಯ ಬಳಿ ಸೋಪು ಹಚ್ಚಿ ಕಳಚಿಟ್ಟು, ಗೆಲ್ಲಬೇಕೆಂದೇ ಅವಳು ಒಳಗೆ ಹೋಗಿದ್ದಳು; ಮುಗಿದ ಮೇಲೆ ಯಾರ ಕಣ್ಣಿಗೂ ಬೀಳದಂತೆ ಮತ್ತೆ ತೊಟ್ಟಿದ್ದಳು. ಪರದೆಯ ಮೇಲೆ ಕೈ ಆಳೆತ್ತರವಿತ್ತು. ಯಲ್ಲಮ್ಮನ ಕಣ್ಣಿಗೂ ಕಂಡಿತು.

"ಬಳೆ ಎಲ್ಲೇ, ಸೊಣ್ಣಿ?"

ಸೊಣ್ಣಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಪರದೆಯ ಮೇಲಿನ ಕೈ ಹಾಗೆಯೇ ನಿಂತಿತ್ತು.

ದಿನದ ಕೆಲಸದ ಲೆಕ್ಕ ಏರಿತು. ಅಷ್ಟು ಮುಗಿಸಲಾಗದ ಯಲ್ಲಮ್ಮನನ್ನು ಅಂಗಳ ಗುಡಿಸಲು ಹಾಕಿದರು. ಸೊಣ್ಣಮ್ಮ ಕ್ಷಮೆ ಕೇಳಲಿಲ್ಲ, ಕೇಳುವ ಮುಖವಿರಲಿಲ್ಲ. ಬಳೆಗಾರನನ್ನು ಕರೆದು ಎರಡೂ ಕೈಗೆ ಮೊಣಕೈವರೆಗೆ ತೊಡಿಸಿಕೊಂಡಳು. ತಂತಿ ಬಳೆಗೆ ಸಿಕ್ಕಿ ಸಿಕ್ಕಿ, ತನ್ನ ಕೈ ನೋಡಿಯೇ ಗೊತ್ತುಮಾಡಿದ್ದ ಕೆಲಸ ಅವಳಿಗೇ ಮುಗಿಯದಾಯಿತು. ಬಳೆ ತೆಗೆಯೆಂದು ಎಂಜಿನಿಯರು ಗದರಿದರು.

"ಗಂಡ ಅವ್ನೆ ಸ್ವಾಮಿ. ತೆಗೆಯಂಗಿಲ್ಲ."

ಕಿಟಕಿಯಾಚೆ ಗುಡಿಸುತ್ತಿದ್ದ ಯಲ್ಲಮ್ಮನಿಗೂ ಅದು ಕೇಳಿಸಿತು. ಅವಳು ತಲೆಯೆತ್ತಲಿಲ್ಲ.