ಕಾರ್ಕಳಕ್ಕೆ ಕೊಟ್ಟ ಮಗಳು

ಮಗಳಿಗೆ ಮದುವೆ ಮಾಡೋಣ ಎಂದು ನನ್ನ ಗಂಡ ಹೇಳಿದಾಗ ನಾನಿನ್ನೂ ಚಪ್ಪಲಿ ಕೂಡ ಬಿಚ್ಚಿರಲಿಲ್ಲ. ಮಣಿಪಾಲದ ಕಾಲೇಜಿನಲ್ಲಿ ಪಾಠ ಮುಗಿಸಿ, ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಉಡುಪಿ ಬನ್ನಂಜೆಯ ನಮ್ಮ ಮನೆಯ ಮೆಟ್ಟಿಲಲ್ಲಿ ಏದುಸಿರು ಬಿಡುತ್ತಿದ್ದೆ. ನಮಗೆ ಮಗಳಿಲ್ಲ. ಇದ್ದಳು. ಹುಟ್ಟಿ, ಹೆಸರಿಡುವ ಮೊದಲೇ ಆಸ್ಪತ್ರೆಯಲ್ಲೇ ತೀರಿಹೋದಳು. ಬದುಕಿದ್ದಿದ್ದರೆ ಈಗ ಮದುವೆಯ ಪ್ರಾಯ.

ನಮ್ಮ ತುಳುವರಲ್ಲಿ ಇಂಥದ್ದೊಂದು ಕ್ರಮ ಉಂಟು. ಚಿಕ್ಕಂದಿನಲ್ಲಿ ತೀರಿಹೋದ ಮಕ್ಕಳು ಆ ಕಡೆಯಲ್ಲಿ ಬೆಳೆಯುತ್ತಾ ಇರುತ್ತಾರೆ, ಪ್ರಾಯಕ್ಕೆ ಬಂದಾಗ ಅವರಿಗೂ ಜೊತೆ ಬೇಕು ಎನ್ನುತ್ತಾರೆ. ಹಾಗೆಯೇ ತೀರಿಹೋದ ಇನ್ನೊಂದು ಮನೆಯ ಹುಡುಗನನ್ನು ಹುಡುಕಿ, ಮಳೆಗಾಲದ ಆಟಿ ತಿಂಗಳಲ್ಲಿ ಧಾರೆ ಎರೆಯುತ್ತಾರೆ. ಬದುಕಿದ್ದವರ ಮದುವೆಗೆ ಆಗದ ತಿಂಗಳು ಅವರಿಗೆ ಆಗುತ್ತದೆ. ಕುಲೆ ಮದುವೆ ಎಂದು ಅದರ ಹೆಸರು, ಕುಲೆ ಎಂದರೆ ತೀರಿಹೋದವರ ಜೀವ. ಬೇರೆಯವರ ಮನೆಯಲ್ಲಿ ಅದನ್ನು ನೋಡಿ, ಊಟ ಮಾಡಿ ಬಂದವಳು ನಾನು. ನನ್ನ ಮನೆಗೆ ಅದು ಬರಬಹುದೆಂದು ಎಣಿಸಿರಲಿಲ್ಲ.

"ಕಾಪುವಿನಿಂದ ನಿನ್ನ ಚಿಕ್ಕಮ್ಮ ಫೋನ್ ಮಾಡಿದ್ದರು. ಕಾರ್ಕಳದಲ್ಲಿ ಒಬ್ಬ ಹುಡುಗ ಇದ್ದಾನಂತೆ" ಎಂದರು ಇವರು.

"ಇದ್ದಾನಂತೆ ಅಲ್ಲ ಮಾರಾಯ್ರೇ, ಇದ್ದನಂತೆ. ನಿಮಗೆಂತ ತಲೆ ಕೆಟ್ಟಿದೆಯಾ?"

ಇವರು ಸುಮ್ಮನಾದರು. ನಾನು ಸಿಡುಕಿದರೆ ಸುಮ್ಮನಾಗುವುದು ಇವರ ಅಭ್ಯಾಸ. ಅದನ್ನು ನೋಡಿದರೆ ನನಗೆ ಇನ್ನಷ್ಟು ಸಿಟ್ಟು ಬರುತ್ತದೆ.

ಆ ಸಿಟ್ಟಿಗೆ ಬೇರೊಂದು ಕಾರಣವೂ ಇತ್ತು. ನಾನು ತತ್ವಶಾಸ್ತ್ರ ಕಲಿಸುವವಳು. ಆ ವಾರ ತರಗತಿಯಲ್ಲಿ ಯಹೂದಿಗಳ ಕಬ್ಬಾಲಾ ಎಂಬ ಗೂಢ ದರ್ಶನವನ್ನೂ ಚೀನೀಯರ ಸೃಷ್ಟಿಚಿಂತನೆಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಪಾಠ ಮಾಡುತ್ತಿದ್ದೆ. ಇರುವುದೆಲ್ಲ ಒಂದೇ ನೆಲೆಯಲ್ಲಿ ಇಲ್ಲ, ಮೇಲಿನಿಂದ ಕೆಳಗೆ ಹಲವು ನೆಲೆಗಳುಂಟು ಎನ್ನುವುದು ಇಬ್ಬರ ಮಾತೂ ಹೌದು. ಎಲ್ಲಕ್ಕಿಂತ ಮೇಲಿನದನ್ನು ಕಬ್ಬಾಲಾದವರು 'ಕೊನೆಯಿಲ್ಲದ್ದು' ಎನ್ನುತ್ತಾರೆ, ಚೀನೀಯರು 'ಮೇರೆಯಿಲ್ಲದ್ದು' ಎನ್ನುತ್ತಾರೆ. ಎಲ್ಲಿಯ ಅವರು, ಎಲ್ಲಿಯ ಇವರು! ಅಲ್ಲಿಂದ ಕೆಳಗೆ ಕಬ್ಬಾಲಾದಲ್ಲಿ ನಾಲ್ಕು ಲೋಕ: ಹೊಮ್ಮುವ ಲೋಕ, ಸೃಷ್ಟಿಯ ಲೋಕ, ರೂಪದ ಲೋಕ, ಕೊನೆಗೆ ನಾವು ಪಾತ್ರೆ ತೊಳೆದಿಟ್ಟು ಬಸ್ಸಿಗೆ ಓಡುವ ಈ ಕೆಲಸದ ಲೋಕ. ಚೀನೀಯರಲ್ಲಿ ಮೇರೆಯಿಲ್ಲದ್ದರಿಂದ ಒಂದು ಮೂಲ, ಅದರ ಚಲನೆ ಯಾಂಗ್, ಅದರ ನಿಲುಗಡೆ ಯಿನ್, ಅವೆರಡರಿಂದ ನೀರು, ಬೆಂಕಿ, ಮರ, ಲೋಹ, ಮಣ್ಣು, ಆಮೇಲೆ ಲೋಕದ ಸಾವಿರಾರು ವಸ್ತುಗಳು. ಎರಡೂ ಕಡೆ ತುದಿಯ ನೆಲೆಗೆ ನಿಜವಾದ ಹೆಸರೆಂಬುದೇ ಇಲ್ಲ. ಹೆಸರುಗಳು ಶುರುವಾಗುವುದು ಕೆಳಗಿಳಿದ ಮೇಲೆ.

ವ್ಯತ್ಯಾಸವೂ ಉಂಟು. ಕಬ್ಬಾಲಾದಲ್ಲಿ ಆ ಕೊನೆಯಿಲ್ಲದ್ದು, ಲೋಕಕ್ಕೆ ಜಾಗವಾಗಲಿ ಎಂದು ತನ್ನನ್ನು ತಾನೇ ಒಳಕ್ಕೆ ಎಳೆದುಕೊಂಡು ಸರಿದು ಕೂರುತ್ತದೆ. ಚೀನೀಯರಲ್ಲಿ ಯಾರೂ ಸರಿಯುವುದಿಲ್ಲ, ಉಸಿರಾಡಿದ ಹಾಗೆ ಎಲ್ಲ ತಾನಾಗಿ ಆಗುತ್ತದೆ. ಬಸುರಿಯಾಗಿದ್ದವಳಿಗೆ ಮೊದಲನೆಯದು ಬೇಗ ಅರ್ಥವಾಗುತ್ತದೆ.

ಹೆಸರಿಡದ ನನ್ನ ಮಗುವನ್ನು ನಾನು ಆ ಹೆಸರಿಲ್ಲದ ನೆಲೆಯಲ್ಲಿ ಇಟ್ಟಿದ್ದೆ. ಯಾರಿಗೂ ಹೇಳಿರಲಿಲ್ಲ. ಅಲ್ಲಿ ಸೂಜಿ ಚುಚ್ಚುವುದಿಲ್ಲ, ಅಲ್ಲಿ ಯಾರೂ ಬಂದು "ಇನ್ನೊಂದು ಆಗ್ತದೆ, ಬೇಜಾರು ಮಾಡಬೇಡ" ಎನ್ನುವುದಿಲ್ಲ. ಇನ್ನೊಂದು ಆಗಲೂ ಇಲ್ಲ. ಹಾಗೆ ಇಟ್ಟ ಮೇಲೆ ನನಗೆ ನಿದ್ದೆ ಬರುತ್ತಿತ್ತು. ಈಗ ಇವರೆಲ್ಲ ಸೇರಿ ಅವಳಿಗೆ ಸೀರೆ ಉಡಿಸಿ, ಬಳೆ ತೊಡಿಸಿ, ಕೆಳಗೆ ಎಳೆದು ತರಲು ಹೊರಟಿದ್ದಾರಲ್ಲ!

ಭಾನುವಾರ ಜಗಳ ಮಾಡುವುದಕ್ಕೆಂದೇ ಕಾಪುವಿಗೆ ಹೋದೆ. ಚಿಕ್ಕಮ್ಮ ಹಿತ್ತಿಲಲ್ಲಿ ಕೂತು ಬಂಗುಡೆ ಮೀನು ಸ್ವಚ್ಛ ಮಾಡುತ್ತಿದ್ದರು. ನನ್ನ ಕೂಗಾಟವನ್ನೆಲ್ಲ ಕೇಳಿಸಿಕೊಂಡು, ಕೈ ತೊಳೆದುಕೊಂಡರು.

"ಬೇಡದಿದ್ದರೆ ಬೇಡ ಮಗಾ. ಹೆಣ್ಣುಮಗು ನಮ್ಮಲ್ಲಿ ತಾಯಿಯ ಕಡೆಗೆ ಸೇರಿದ್ದು. ನೀನು ಹೂಂ ಅನ್ನದೆ ಯಾರೂ ಎಂತದ್ದೂ ಮಾಡುವುದಿಲ್ಲ. ಆದರೆ ಬೇಡ ಅನ್ನುವುದನ್ನು ಅವರ ಮನೆಗೆ ಹೋಗಿ ಹೇಳು. ಹುಡುಗನ ತಾಯಿ ಆಸೆಯಿಂದ ಕಾಯ್ತಾ ಇದ್ದಾಳೆ."

ಹೇಳಿದರಾಯಿತು ಎಂದುಕೊಂಡೆ. ಮುಂದಿನ ವಾರ ನಾನೂ ಇವರೂ ಕಾರ್ಕಳಕ್ಕೆ ಹೋದೆವು.

ಗೊಮ್ಮಟನ ಬೆಟ್ಟದ ಕೆಳಗಿನ ಓಣಿಯಲ್ಲಿ ಹುಡುಗನ ಮನೆ. ಅವನ ತಾಯಿ ನನಗಿಂತ ಸ್ವಲ್ಪ ಚಿಕ್ಕವರು. ಹುಡುಗ ನಾಲ್ಕು ವರ್ಷದವನಿದ್ದಾಗ ಜ್ವರದಲ್ಲಿ ಹೋದನಂತೆ. ಚಹಾ ಕೊಟ್ಟರು, ಹಲಸಿನ ಹಪ್ಪಳ ಕೊಟ್ಟರು. ಬೇಡ ಎನ್ನುವ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು.

"ಹುಡುಗಿಯ ಹೆಸರೆಂತ?" ಎಂದು ಅವರು ಕೇಳಿದರು.

ಹೆಸರಿಟ್ಟಿಲ್ಲ ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಇವರು ಒಂದು ಹೆಸರು ಹೇಳಿಬಿಟ್ಟರು. ಯೋಚಿಸಿ ಹೇಳಿದ್ದಲ್ಲ. ದಿನಾ ಕರೆದು ಅಭ್ಯಾಸವಾದ ಹೆಸರನ್ನು ಹೇಳಿದ ಹಾಗೆ ಹೇಳಿದರು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಅದು ನಮ್ಮ ಮನೆಯದು. ನಾನು ಇವರ ಮುಖ ನೋಡಿದೆ. ಇವರು ಹಪ್ಪಳ ಮುರಿಯುತ್ತಿದ್ದರು.

ಆ ತಾಯಿಗೆ ಇದು ಯಾವುದೂ ಗೊತ್ತಾಗಲಿಲ್ಲ. ಸಂಕೋಚದಿಂದ ಇನ್ನೊಂದು ಮಾತು ಕೇಳಿದರು. "ನಮ್ಮವನಿಗೆ ಮೀನು ಇಲ್ಲದೆ ಊಟ ಸೇರುತ್ತಿರಲಿಲ್ಲ. ನಿಮ್ಮ ಮಗಳಿಗೆ ಮೀನು ಆಗ್ತದಾ ಅಕ್ಕ?"

ಒಂದು ತೊಟ್ಟು ಹಾಲನ್ನೂ ಸರಿಯಾಗಿ ನುಂಗದೆ ಹೋದ ಮಗುವಿನ ಬಗ್ಗೆ ಇಂಥ ಪ್ರಶ್ನೆ! ಆದರೆ ಇಷ್ಟು ವರ್ಷಗಳಲ್ಲಿ ನನ್ನ ಮಗಳಿಗೆ ಎಂತ ಇಷ್ಟ ಎಂದು ಕೇಳಿದವರು ಈ ತಾಯಿಯೊಬ್ಬರೇ. ಎದ್ದು ಹೋಗಬೇಕಿದ್ದ ನಾನು, "ಆಗ್ತದೆ. ಆದರೆ ಮುಳ್ಳು ತೆಗೆದು ಕೊಡಬೇಕು, ಅವಳಿಗೆ ಗೊತ್ತಾಗುವುದಿಲ್ಲ" ಎಂದೆ. ಹೇಳಿದ್ದೇ ತಡ, ಅಳು ಬಂತು. ಅವರೂ ಅತ್ತರು. ಬೇಡ ಎನ್ನಲು ಹೋದವಳು ಹೆಣ್ಣು ಕೊಡಲು ಒಪ್ಪಿ ಬಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ. "ಆ ಹೆಸರು ಯಾವಾಗ ಇಟ್ಟದ್ದು?"

"ಅವಳು ಹುಟ್ಟಿದ ದಿನವೇ. ನಿನಗೆ ಹೇಳೋಣ ಅಂದರೆ, ನಿನ್ನ ಹತ್ತಿರ ಅವಳ ಸುದ್ದಿ ಎತ್ತುವ ಹಾಗೆ ಉಂಟಾ ಮಾರಾಯ್ತಿ?"

ನಾನು ಸಿಡುಕಲಿಲ್ಲ, ಇವರ ಕೈ ಹಿಡಿದುಕೊಂಡೆ. ಉಡುಪಿ ಬರುವವರೆಗೂ ಬಿಡಲಿಲ್ಲ.

ಮರುದಿನ ತರಗತಿಯಲ್ಲಿ ಪಾಠದ ಉಳಿದ ಭಾಗವನ್ನು ಮಾಡಿದೆ. ಈ ನೆಲೆಗಳ ನಡುವೆ ಬಾಗಿಲು ಹಾಕಿಲ್ಲ ಎನ್ನುವುದನ್ನೂ ಇಬ್ಬರೂ ಹೇಳುತ್ತಾರೆ. ಇಲ್ಲಿ ಕೆಳಗೆ ಮನಸ್ಸಿಟ್ಟು ಮಾಡಿದ ಕೆಲಸ ಮೇಲಿನ ಲೋಕವನ್ನು ಎಬ್ಬಿಸುತ್ತದೆ ಎನ್ನುತ್ತಾರೆ ಕಬ್ಬಾಲಾದವರು. ಒಂದೇ ಶ್ರುತಿಯ ಎರಡು ವಾದ್ಯಗಳಲ್ಲಿ ಒಂದರ ತಂತಿ ಮೀಟಿದರೆ ಇನ್ನೊಂದರ ತಂತಿ ತಾನಾಗಿ ಮಿಡಿಯುತ್ತದಲ್ಲ, ನೆಲೆಗಳೂ ಹಾಗೆಯೇ ಎನ್ನುತ್ತಾರೆ ಚೀನೀಯರು. ಇದನ್ನು ಎಷ್ಟೋ ಸಲ ಕಲಿಸಿದ್ದೇನೆ. ನಂಬಿದೆ ಎಂದು ಈಗಲೂ ಹೇಳಲಾರೆ. ಆದರೆ ಆ ದಿನ ಹೇಳಿ ಮುಗಿಸಿದವಳೇ, ಬೆಲ್ ಆಗುವ ಮೊದಲೇ ಪುಸ್ತಕ ಮುಚ್ಚಿದೆ.

ಆಟಿಯ ಒಂದು ಮಧ್ಯಾಹ್ನ ನಮ್ಮ ಮನೆಯಲ್ಲೇ ಧಾರೆ. ಎರಡು ಮಣೆ ಇಟ್ಟೆವು. ಒಂದರ ಮೇಲೆ ಹುಡುಗನ ಮುಂಡು, ಅಂಗಿ, ಶಾಲು. ಇನ್ನೊಂದರ ಮೇಲೆ ನನ್ನ ಮಗಳ ಬಳೆ, ಕುಂಕುಮ, ಮಲ್ಲಿಗೆಯ ಚೆಂಡು, ಕಾರ್ಕಳದವರು ತಂದ ಕೆಂಪು ಧಾರೆ ಸೀರೆ. ಸೀರೆಯ ಜರಿ ತುಂಬಾ ದೊರಗು. ಎಳೆ ಮೈಗೆ ಇಂಥ ಜರಿಯಾ ಎಂದು ಗೊಣಗಿ, ಅಂಚನ್ನು ಒಳಗೆ ಹೋಗುವಂತೆ ಮಡಚಿ ಇಟ್ಟೆ.

ಎರಡು ಮಣೆಗಳ ನಡುವೆ ಇಟ್ಟ ತೆಂಗಿನಕಾಯಿಯ ಮೇಲೆ ನಾನೂ ಇವರೂ ಸೇರಿ ನೀರು ಬಿಡಬೇಕಿತ್ತು. ಚೊಂಬು ಹಿಡಿದ ನನ್ನ ಕೈ ಬಾಗಲೇ ಇಲ್ಲ. ಅಯ್ಯೋ ದೇವರೇ, ಇಲ್ಲದ ಮಗಳನ್ನು ಕೊಡಲು ಇಷ್ಟು ಕಷ್ಟವಾಗಬೇಕಾ? ಮೊನ್ನೆಯಷ್ಟೇ ಮನೆಗೆ ಬಂದಿದ್ದಾಳೆ. ಹೆಸರು ಗೊತ್ತಾಗಿ ತಿಂಗಳು ಕಳೆದಿಲ್ಲ. ಇನ್ನು ಸ್ವಲ್ಪ ದಿನ ಇಟ್ಟುಕೊಳ್ಳುತ್ತೇನೆ, ಮುಂದಿನ ಆಟಿಗೆ ನೋಡೋಣ ಎಂದು ಹೇಳಿಬಿಡಲೇ ಎನಿಸಿತು. ಎಲ್ಲರೂ ಕಾಯುತ್ತಿದ್ದರು.

"ಸ್ವಲ್ಪ ಸರಿದು ಕೂತುಕೋ" ಎಂದರು ಇವರು ನನ್ನ ಕಿವಿಯ ಹತ್ತಿರ. "ಅವಳಿಗೆ ಜಾಗ ಬೇಡವಾ?"

ಮಣೆಗೆ ಒತ್ತಿಕೊಂಡೇ ಕೂತಿದ್ದೆ ನಾನು. ಸರಿದು ಕೂತೆ. ಚೊಂಬು ಬಾಗಿತು, ನೀರು ಬಿತ್ತು.

ಊಟವಾದ ಮೇಲೆ ಕಾರ್ಕಳದವರು ಹೊರಟರು. ಸೀರೆ, ಬಳೆ ಇಟ್ಟ ಹರಿವಾಣವನ್ನು ಹುಡುಗನ ತಾಯಿ ಕಾರಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ಕೂತರು. ಡ್ರೈವರ್ ಹತ್ತಿರ, "ರಸ್ತೆ ಹಾಳಾಗಿದೆ, ನಿಧಾನ ಹೋಗಿ" ಎಂದೆ. ಎರಡು ಸಲ ಹೇಳಿದೆ.

ದೀಪ ಹಚ್ಚುವ ಹೊತ್ತಿಗೆ ಫೋನ್ ಬಂತು. "ಮನೆ ಮುಟ್ಟಿದೆವು ಅಕ್ಕ."

"ಅವಳು ಊಟ ಮಾಡಿದಳಾ?"

"ಮಾಡಿದಳು. ಇಬ್ಬರಿಗೂ ಅಕ್ಕಪಕ್ಕ ಎಲೆ ಹಾಕಿ ಬಡಿಸಿದೆ. ಬಂಗುಡೆ ಹುರಿದಿದ್ದೆ." ಆಮೇಲೆ ಸೇರಿಸಿದರು. "ಮುಳ್ಳು ತೆಗೆದೇ ಇಟ್ಟಿದ್ದೇನೆ."

ಇವರು ಬಾಗಿಲ ಹತ್ತಿರ ನಿಂತು ಕಾಯುತ್ತಿದ್ದರು. ನಾನು ಫೋನ್ ಕೆಳಗಿಟ್ಟು, ಮೊದಲ ಸಲ ಅವಳ ಹೆಸರು ಹಿಡಿದು ಹೇಳಿದೆ, ಅವಳಿಗೆ ಊಟ ಆಯಿತಂತೆ.