ಹಲ್ಲಿನ ಡಾಕ್ಟರಮ್ಮ ಮತ್ತು ಖಾಡಿಯ ನರಿ

ಅವರ ಎಡಗಣ್ಣಿನ ಮೂಲೆಯಲ್ಲಿ ಬಲಗಣ್ಣಿಗಿಂತ ಎರಡರಷ್ಟು ಸುಕ್ಕುಗಳಿದ್ದವು. ಬಲಗಣ್ಣನ್ನು ಕ್ಯಾಮೆರಾಕ್ಕೆ ಒತ್ತಿ, ಎಡಗಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡು ವರ್ಷಗಟ್ಟಲೆ ಕಾಡುಪ್ರಾಣಿಗಳಿಗಾಗಿ ಕಾದದ್ದರ ಗುರುತು ಅದು. ನಕ್ಕಾಗ ಮುಖದ ಒಂದು ಪಕ್ಕ ಮೊದಲು ನಕ್ಕು, ಇನ್ನೊಂದು ಪಕ್ಕ ಆಮೇಲೆ ಸೇರಿಕೊಂಡ ಹಾಗೆ ಕಾಣುತ್ತಿತ್ತು.

ಮಾಟುಂಗದಲ್ಲಿ ಅವರದು ಹಲ್ಲಿನ ದವಾಖಾನೆ. ಉಡುಪಿ ಕಡೆಯವರು, ಎಲ್ಲರಿಗೂ ಡಾಕ್ಟರಮ್ಮ. ನಾನು ಆಂಟಾಪ್ ಹಿಲ್‌ನಲ್ಲಿ ಬೆಳೆದವಳು; ಅಪ್ಪ ವಿಜಯಪುರದ ಕಡೆಯಿಂದ ಗೌಂಡಿ ಕೆಲಸಕ್ಕೆ ಇಲ್ಲಿಗೆ ಬಂದವರು. ದವಡೆ ಹಲ್ಲು ಕೀಳಿಸಿಕೊಳ್ಳಲು ಹೋದ ದಿನ, ಕುರ್ಚಿಯ ಎದುರಿನ ಗೋಡೆಯ ಮೇಲೆ ಒಂದು ಫೋಟೊ ಕಂಡೆ. ತಲೆಕೆಳಗಾಗಿ ನೇತಾಡುವ ಬಾವಲಿ, ಅದರ ರೆಕ್ಕೆಯ ಮಡಿಕೆಯೊಳಗಿಂದ ಇಣುಕುವ ಮರಿ. ಬಾಯಲ್ಲಿ ಹತ್ತಿ ತುಂಬಿದ್ದರಿಂದ ಕೇಳಲಾಗಲಿಲ್ಲ, ಬೆರಳು ತೋರಿಸಿದೆ. ಹಿಂದಿನ ಗಲ್ಲಿಯ ಮರದ್ದು, ಅದೂ ನಮ್ಮ ಹಾಗೆ ಮರಿಗೆ ಹಾಲೂಡಿಸುವ ಜೀವ ಎಂದು ಹೇಳುತ್ತ ಹೇಳುತ್ತಲೇ ಹಲ್ಲು ಕಿತ್ತುಬಿಟ್ಟಿದ್ದರು. ತುಟಿಯ ಜೋಮು ಇಳಿಯುವ ಮೊದಲೇ, ನನ್ನ ಹತ್ತಿರವೂ ಒಂದು ಹಳೆಯ ಕ್ಯಾಮೆರಾ ಇದೆ ಎಂದು ತೊದಲಿದೆ. ಭಾನುವಾರ ಬೆಳಿಗ್ಗೆ ಬನ್ನಿ ಎಂದರು.

ಭಾನುವಾರ ದವಾಖಾನೆಗೆ ರಜೆ. ಪೇಶೆಂಟುಗಳು ಕೂರುವ ಬೆಂಚುಗಳ ಮೇಲೆ ಫೋಟೊ ಹುಚ್ಚಿನ ನಾವು ಏಳೆಂಟು ಜನ ಕೂರುತ್ತಿದ್ದೆವು. ಪ್ರೊಜೆಕ್ಟರಿನಿಂದ ಬಿಳಿ ಗೋಡೆಯ ಮೇಲೆ ಒಬ್ಬೊಬ್ಬರ ಫೋಟೊ ಬೀಳುತ್ತಿತ್ತು: ಬೊರಿವಲಿ ಕಾಡಿನ ಜಿಂಕೆ, ಯಾರದೋ ಕಾಂಪೌಂಡಿನ ಮುಂಗುಸಿ. ಚೆನ್ನಾಗಿದೆ ಎಂಬ ಮಾತು ಅಲ್ಲಿ ನಡೆಯುತ್ತಿರಲಿಲ್ಲ. ಏನು ಕಾಣಿಸಿತೋ ಅದನ್ನು ಹೇಳಬೇಕು. ಎಲ್ಲರೂ ಹೇಳಿ ಮುಗಿಸುವವರೆಗೆ ಫೋಟೊ ತೆಗೆದವರು ತುಟಿ ಬಿಚ್ಚುವಂತಿಲ್ಲ. ಮೊದಲ ದಿನ ನಾನು ನನ್ನ ಫೋಟೊದ ಪರವಾಗಿ ವಾದಕ್ಕಿಳಿದಾಗ ಡಾಕ್ಟರಮ್ಮ ತಣ್ಣಗೆ ಹೇಳಿದರು: "ಇಲ್ಲಿ ಬಾಯಿ ಮುಚ್ಚಿ ಕೂತ್ಕೊಳ್ಳಿ ಮಾರಾಯ್ರೆ. ಬಾಯಿ ತೆರೀಲಿಕ್ಕೆ ಒಳಗೆ ಬೇರೆ ಕುರ್ಚಿ ಉಂಟು."

ಆ ಫೋಟೊದಲ್ಲಿದ್ದದ್ದು ಒಂದು ನರಿ. ಮದುವೆಯಾಗಿ ನಾನು ಘಾಟ್ಕೋಪರ್‌ಗೆ ಬಂದಿದ್ದೆ. ಅಲ್ಲಿ ಹೈವೇ ದಾಟಿ ಪೂರ್ವಕ್ಕೆ ಹೋದರೆ ಖಾಡಿ, ಅಂದರೆ ನೆಲದೊಳಕ್ಕೆ ಚಾಚಿದ ಸಮುದ್ರದ ಉಪ್ಪುನೀರು, ಅದರ ಅಂಚಿಗೆ ಆ ಉಪ್ಪುಕೆಸರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಕಾಡು. ನೀರು ಇಳಿದಾಗ ಏಡಿ ಹುಡುಕಿಕೊಂಡು ನರಿಗಳು ಕೆಸರಿಗೆ ಬರುತ್ತವೆ. ನಾನು ದಿಬ್ಬದ ಮೇಲೆ ನಿಂತು ತೆಗೆದಿದ್ದೆ. ಬೀದಿನಾಯಿಯ ಹಾಗಿದೆ, ಮೇಲಿನಿಂದ ನೋಡಿದ್ದೀರಿ ಎಂದರು ಬೆಂಚಿನವರು. ಮುಂದಿನ ಸಲ ಡಾಕ್ಟರಮ್ಮ ತಾವೇ ನನ್ನ ಜೊತೆ ಬಂದರು. ಅರವತ್ತು ದಾಟಿದ ಹೆಂಗಸು, ಸಲ್ವಾರಿನಲ್ಲಿಯೇ ಕೆಸರಿನ ಮೇಲೆ ಬೋರಲು ಮಲಗಿ, ನನಗೂ ಪಕ್ಕದ ಜಾಗ ತೋರಿಸಿದರು. ಅದರ ಕಣ್ಣಿನ ಎತ್ತರಕ್ಕೆ ನಾವು ಇಳಿಯಬೇಕು, ಹತ್ತಿರ ಬರಬೇಕೋ ಬೇಡವೋ ಅದರ ಇಷ್ಟ ಎಂದು ಪಿಸುಗುಟ್ಟಿದರು.

ಎರಡನೆಯ ಫೋಟೊದಲ್ಲಿ ಎತ್ತರ ಸರಿಯಾಗಿತ್ತು. ಆದರೆ ನರಿಯ ಹಿಂದಿದ್ದ ಪ್ಲಾಸ್ಟಿಕ್ ಚೀಲವನ್ನೂ ಬಿಲ್ಡಿಂಗುಗಳನ್ನೂ ನಾನು ಕಂಪ್ಯೂಟರಿನಲ್ಲಿ ಅಳಿಸಿ, ಆ ಜಾಗಕ್ಕೆ ಪಕ್ಕದ ಕೆಸರನ್ನೂ ಆಕಾಶವನ್ನೂ ನಕಲು ಮಾಡಿ ತುಂಬಿದ್ದೆ. ಗುಂಪಿನಲ್ಲಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು, ಕೆಸರಿನ ಅದೇ ಗುಳಿ ಎರಡು ಕಡೆ ಕಾಣುತ್ತದಲ್ಲ ಎಂದು ಹಿಡಿದುಬಿಟ್ಟರು. ಅಳಿಸಿದ್ದನ್ನೆಲ್ಲ ವಾಪಸು ತನ್ನಿ ಎಂದರು ಡಾಕ್ಟರಮ್ಮ. ನರಿ ಬದುಕುತ್ತಿರುವುದೇ ಅವುಗಳ ನಡುವೆ. ಮುಜುಗರ ನಿಮ್ಮದು, ನರಿಯದಲ್ಲ ಎಂದರು. ಆ ಚಳಿಗಾಲವಿಡೀ ಖಾಡಿಗೆ ಹೋದೆ. ಕೊನೆಗೊಂದು ಬೆಳಿಗ್ಗೆ ಏಡಿ ಕಚ್ಚಿಕೊಂಡು, ಕಿವಿ ನಿಮಿರಿಸಿ ನಿಂತ ನರಿ ಸಿಕ್ಕಿತು. ಹಿಂದೆ ಬಿಲ್ಡಿಂಗುಗಳ ಕಿಟಕಿಗಳಲ್ಲಿ ಬಿಸಿಲು ಹೊತ್ತಿಕೊಳ್ಳುತ್ತಿತ್ತು. ಅದನ್ನು ಗೋಡೆಯ ಮೇಲೆ ಹಾಕಿದ ಭಾನುವಾರ ಬೆಂಚಿನವರು ಏಡಿ, ಕಿವಿ, ಕಿಟಕಿ ಎಂದು ಕಂಡದ್ದನ್ನೆಲ್ಲ ಹೇಳಿದರು; ತಪ್ಪು ಮಾತ್ರ ಒಬ್ಬರೂ ಎತ್ತಲಿಲ್ಲ.

ಅದೇ ವರ್ಷ ಮಾಟುಂಗದ ಒಂದು ಕನ್ನಡ ಸಂಘದವರು ನಮ್ಮ ಗುಂಪಿನ ಪ್ರದರ್ಶನ ಇಟ್ಟುಕೊಂಡರು. ಬಾಗಿಲಿನ ಎದುರಿನ ದೊಡ್ಡ ಗೋಡೆಗೆ ಡಾಕ್ಟರಮ್ಮನ ಚಿರತೆ ಎಂದು ಸಂಘದವರು ಆಗಲೇ ನಿಶ್ಚಯಿಸಿದ್ದರು. ಬಂಡೆಯ ಮೇಲೆ ಬಾಗಿ, ನೇರ ನಮ್ಮನ್ನೇ ನೋಡುವ ಚಿರತೆ. ಅವರ ಜೀವಮಾನದ ಫೋಟೊ ಎಂದೇ ನಾವೆಲ್ಲ ಅಂದುಕೊಂಡಿದ್ದೆವು. ಪ್ರದರ್ಶನಕ್ಕೆ ಮೊದಲಿನ ಭಾನುವಾರ ಅದನ್ನೂ ಎಲ್ಲರ ಮುಂದಿಟ್ಟು, ತಾವು ಬಾಯಿ ಮುಚ್ಚಿ ಕೂತರು. ನಾವು ಹೊಗಳುತ್ತ ಹೋದೆವು. ಕೊನೆಗೆ ಗುಂಪಿಗೆ ಹೊಸದಾಗಿ ಸೇರಿದ್ದ ಕಾಲೇಜು ಹುಡುಗಿ ಅಳುಕುತ್ತ ಹೇಳಿದಳು: "ಆಂಟಿ, ಇದ್ರ ಕಿವಿ ಪೂರಾ ಹಿಂದೆ ಹೋಗಿದೆ. ಇದು ನೋಡ್ತಾ ಇಲ್ಲ. ನಿಮ್ಮನ್ನ ನೋಡಿ ಡರ್ ಗಯಾ ಹೈ, ಅಲ್ವಾ?"

ಬ್ಯಾಂಕಿನವರು ಅವಳನ್ನು ತಡೆಯಲು ಹೋದರು. ಡಾಕ್ಟರಮ್ಮ ಕೈ ಎತ್ತಿ ಅವರನ್ನೇ ಸುಮ್ಮನಾಗಿಸಿದರು. ಎದ್ದು ಗೋಡೆಯ ಹತ್ತಿರ ಹೋಗಿ ಚಿರತೆಯ ಕಿವಿಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿದರು.

"ಹೌದು. ಅವತ್ತು ನಾನು ಸ್ವಲ್ಪ ಮುಂದೆ ಹೋದೆ. ಇದು ಹೆದರಿದ್ದು ನನಗೆ ಕಾಣಲಿಲ್ಲ, ಈ ಮಗುವಿಗೆ ಕಂಡಿತು. ಹೆದರಿದ ಜೀವವನ್ನು ದೊಡ್ಡದು ಮಾಡಿ ಗೋಡೆಗೆ ಹಾಕೋದು ಬೇಡ."

ಅಲ್ಲಿಂದಲೇ ಸಂಘಕ್ಕೆ ಫೋನ್ ಮಾಡಿ ಚಿರತೆಯನ್ನು ತೆಗೆಸಿದರು. ಆ ಗೋಡೆಗೆ ನನ್ನ ನರಿ ಹೋಗಲಿ ಎಂದರು. ಆ ಗಳಿಗೆಯಲ್ಲಿ ನನ್ನ ಫೋಟೊ ಆಯ್ಕೆಯಾದದ್ದಕ್ಕಿಂತ, ಇಂಥವರ ಬೆಂಚಿನ ಮೇಲೆ ಕೂತಿದ್ದೇನಲ್ಲ ಎಂದು ನನಗೆ ಹೆಚ್ಚು ಹೆಮ್ಮೆಯಾಯಿತು.

ಆ ಚಳಿಗಾಲ ನನ್ನ ಮನೆಯಲ್ಲೇ ಇದ್ದ ಅವ್ವ ಪ್ರದರ್ಶನಕ್ಕೆ ಇಳಕಲ್ ಸೀರೆ ಉಟ್ಟು ಬಂದಿದ್ದಳು. ನರಿಯ ಮುಂದೆ ನಿಂತು ನೋಡಿ, ಡಾಕ್ಟರಮ್ಮನನ್ನು ಕೇಳಿದಳು: "ಇಕಿ ಮೈಯೆಲ್ಲ ಕೆಸರು ಮಾಡ್ಕೊಂಡು ಬರೂದು ನೋಡಿ ನಾ ಬೈತಿದ್ನಿರಿ. ಇದಕ್ಕ ಬೀಳ್ತಿದ್ಲೇನು ಕೆಸರಾಗ?"

"ಇದಕ್ಕೇ ಅಮ್ಮಾ. ಪಕ್ಕದಲ್ಲೇ ನಾನೂ ಬಿದ್ದಿದ್ದೆ," ಎಂದರು ಡಾಕ್ಟರಮ್ಮ. ಅವ್ವ ಅವತ್ತು ಸಂಜೆಯವರೆಗೂ ಆ ಗೋಡೆ ಬಿಟ್ಟು ಕದಲಲಿಲ್ಲ. ಬಂದವರಿಗೆಲ್ಲ ಇದು ನನ್ನ ಮಗಳು ತೆಗೆದದ್ದು ಎಂದು ಹಿಂದಿಯಲ್ಲಿ, ಮರಾಠಿಯಲ್ಲಿ ಹೇಳುತ್ತಲೇ ಇದ್ದಳು.

ಕಳೆದ ವರ್ಷ ಡಾಕ್ಟರಮ್ಮ ಹಾಸಿಗೆ ಹಿಡಿದರು. ಕೊನೆಯ ಸಲ ಹೋದಾಗ ಒಂದು ಹೊಸ ಫೋಟೊ ಒಯ್ದಿದ್ದೆ: ನೀರಿನ ಅಂಚಿನಲ್ಲಿ ತಾಯಿ ನರಿ, ಹಿಂದೆ ಉಳಿದ ಮರಿಗಾಗಿ ತಿರುಗಿ ನಿಂತದ್ದು. ಅಷ್ಟರಲ್ಲಿ ಅದಕ್ಕೊಂದು ಬಹುಮಾನವೂ ಬಂದಿತ್ತು. ಮಾತು ತುಂಬ ಕಮ್ಮಿಯಾಗಿದ್ದ ಅವರು ಅದನ್ನು ಎದೆಯ ಮೇಲಿಟ್ಟುಕೊಂಡು ಕಣ್ಣು ಕಿರಿದು ಮಾಡಿ ನೋಡಿದರು. ನಾನು ರೂಢಿಯಂತೆ ಸುಮ್ಮನೆ ಕೂತೆ.

"ನೀರು ಎಡಕ್ಕೆ ವಾಲಿದೆ," ಎಂದರು.

ವಾಲಿತ್ತು. ಕ್ಯಾಮೆರಾ ಓರೆ ಹಿಡಿದದ್ದರಿಂದ, ಕೂದಲೆಳೆಯಷ್ಟು. ಬಹುಮಾನ ಕೊಟ್ಟವರಿಗೂ ಕಂಡಿರಲಿಲ್ಲ, ನನಗೂ ಕಂಡಿರಲಿಲ್ಲ. ಕಾಯಿಲೆಯಲ್ಲಿ ಮಲಗಿದವರು ಒಂದು ಒಳ್ಳೆಯ ಮಾತು ಹೇಳಿ ಕಳಿಸಬಹುದಿತ್ತು; ಆದರೆ ನನ್ನನ್ನು ಅಷ್ಟು ಹಗುರವಾಗಿ ನಡೆಸಿಕೊಳ್ಳಲು ಅವರಿಗೆ ಮನಸ್ಸು ಬರಲಿಲ್ಲ. ಲೋಕಲ್ ರೈಲಿನಲ್ಲಿ ಬಾಗಿಲ ಬಳಿ ನಿಂತು ಘಾಟ್ಕೋಪರ್‌ವರೆಗೂ ಅದನ್ನೇ ನೆನೆಯುತ್ತ, ತಲೆ ಎತ್ತಿಕೊಂಡೇ ಮನೆಗೆ ಬಂದೆ. ಬಂದವಳೇ ಕಂಪ್ಯೂಟರಿನಲ್ಲಿ ಫೋಟೊವನ್ನು ಚೂರು ತಿರುಗಿಸಿ ನೀರನ್ನು ಸಮ ಮಾಡಿದೆ. ಹತ್ತು ದಿನಕ್ಕೆ ಅವರು ಹೋದರು. ಆ ಫೋಟೊ ಈಗ ಎಲ್ಲೆಲ್ಲೋ ತೂಗುತ್ತದೆ, ಕೆಳಗೆ ನನ್ನ ಹೆಸರಿದೆ. ಅದರಲ್ಲಿ ನೀರು ಸಮವಾಗಿ ನಿಂತಿರುವುದು ಮಾತ್ರ ಅವರದು.