ಕಾರು ನೋಡಿ ಗುಣ ಹೇಳುತ್ತಿದ್ದ ಎದುರುಮನೆಯವರು

ಮೊನ್ನೆ ಮಧ್ಯಾಹ್ನ ಬಿಸಿಲಲ್ಲಿ ನಿಂತಿದ್ದ ಆಟೊ ಹತ್ತಿ ಕೂತೆ. ಕಾದ ರೆಕ್ಸಿನ್ ವಾಸನೆ, ಅದರ ಜೊತೆಗೆ ಒಂದಿಷ್ಟು ಪೆಟ್ರೋಲು... ಮೂಗಿಗೆ ಬಡಿದದ್ದೇ ತಡ, ಯಾದವಗಿರಿಯ ನಮ್ಮ ಹಳೆಯ ಮನೆಯ ಮುಂದೆ ನಿಲ್ಲುತ್ತಿದ್ದ ಕಾರು ನೆನಪಾಯಿತು. ಕಾರಿನ ಹಿಂದೆಯೇ ಎದುರುಮನೆ ಸಾಹೇಬರೂ ನೆನಪಾದರು. ಆಗಬಾರದಿತ್ತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕಂತೆ. ಆ ಮನುಷ್ಯನ ಬಗ್ಗೆ ಆಡಲು ನನ್ನ ಹತ್ತಿರ ಒಳ್ಳೆಯದೇನೂ ಇಲ್ಲ.

ಯಾವುದೋ ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಸಂಜೆಯಾದರೆ ಗೇಟಿನ ಬಳಿ ಬೆತ್ತದ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಕೈ ನೋಡಿ ಭವಿಷ್ಯ ಹೇಳುವವರನ್ನು ಕಂಡಿದ್ದೇನೆ. ಇವರು ಕಾರು ನೋಡಿ ಮನುಷ್ಯನ ಗುಣ ಹೇಳುತ್ತಿದ್ದರು. ಐವತ್ತರ ದಶಕದಲ್ಲಿ ಆ ರಸ್ತೆಯಲ್ಲಿ ಓಡಾಡುತ್ತಿದ್ದ ಕಾರುಗಳೇ ಬೆರಳೆಣಿಕೆಯಷ್ಟು. ಅಷ್ಟಕ್ಕೂ ಇವರ ಹತ್ತಿರ ಜಾತಕವಿತ್ತು. "ಮಾರಿಸ್ ಮೈನರ್ ಇಟ್ಟೋನು ಹೆಂಡ್ತಿಗೆ ಹೆದರೋನು. ಡಾಜ್ ಇಟ್ಟೋನು ಕಂಟ್ರಾಕ್ಟರು, ಕೈ ಶುದ್ಧ ಇರಲ್ಲ. ಜೀಪ್ ಇಟ್ಟೋನು ಕೋರ್ಟು ಹತ್ತದೇ ಸಾಯಲ್ಲ." ಪಕ್ಕದ ರಸ್ತೆಯ ಡಾಕ್ಟರ ಹತ್ತಿರ ಜೀಪಿತ್ತು. ಆ ಪುಣ್ಯಾತ್ಮರು ಕೋರ್ಟಿನ ಮೆಟ್ಟಿಲನ್ನೇ ಕಂಡವರಲ್ಲ. ಯಾರಾದರೂ ಹಾಗೆಂದರೆ ಸಾಹೇಬರು, "ಇನ್ನೂ ಟೈಮಿದೆ, ನೋಡ್ತಿರಿ" ಎನ್ನುತ್ತಿದ್ದರು. ಇಂಥವರಿಗೆ ಏನು ಹೇಳುತ್ತೀರಿ! ಅವರದೊಂದು ಬೇಬಿ ಆಸ್ಟಿನ್ ಇತ್ತು. ಅದು ಸಂಭಾವಿತರ ಕಾರಂತೆ. ದಿನಾ ತೊಳೆಸಿ, ಬಟ್ಟೆ ಹೊದಿಸಿ, ಶೆಡ್ಡಿನಲ್ಲೇ ಇಡುತ್ತಿದ್ದರು.

ನಮ್ಮಪ್ಪ ಮಂಡಕಳ್ಳಿ ಕಡೆಯ ಒಕ್ಕಲುತನದ ಮನೆಯವರು. ಮರದ ವ್ಯಾಪಾರಕ್ಕಿಳಿದು, ಕೈ ಹತ್ತಿ, ಬಂಗಲೆಗಳ ನಡುವೆ ಬಂದು ಮನೆ ಮಾಡಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಗಂಟುಮೂಟೆ ಕಟ್ಟಿಕೊಂಡು ಇಂಗ್ಲೆಂಡಿಗೆ ಹೊರಟಿದ್ದ ಒಬ್ಬ ದೊರೆ ಮಾರಿಹೋದ ಷೆವರ್ಲೆ ನಮ್ಮದು. ಕುಂಕುಮದ ಬಣ್ಣ, ಹಿಂದಕ್ಕೆ ಮಡಚುವ ಬಟ್ಟೆಯ ಟಾಪು. ಅಪ್ಪನ ಕಣ್ಣಿಗೆ ಪೊರೆ ಬಂದ ಮೇಲೆ ಅಕ್ಕನೇ ಓಡಿಸಲು ಕಲಿತಳು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮರದ ಡಿಪೊಗೆ ಹೊರಟಳೆಂದರೆ ನನಗೆ ಹಿಡಿಸಲಾರದಷ್ಟು ಹೆಮ್ಮೆ. ಎದುರುಮನೆಯವರಿಗೋ ಮೈಯೆಲ್ಲ ಉರಿ. "ಟಾಪಿಲ್ಲದ ಕಾರು ಇಟ್ಟೋರ ಮನೇಲಿ ಮರ್ಯಾದೆಗೂ ಟಾಪಿರಲ್ಲ" ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದರು. ಅಪ್ಪ ಅದಕ್ಕೂ ನಕ್ಕು ಕೈ ಮುಗಿಯುತ್ತಿದ್ದರು.

ಅಷ್ಟರಲ್ಲಿ ಸೋದರಮಾವ ಅಕ್ಕನಿಗೆ ಒಂದು ಸಂಬಂಧ ತಂದ. ಹುಡುಗನಿಗೆ ವ್ಯವಸಾಯ ಇಲಾಖೆಯಲ್ಲಿ ಹಳ್ಳಿ ಹಳ್ಳಿ ಸುತ್ತುವ ಕೆಲಸ. ಫೋಟೊ ನೋಡಿದ್ದೇ ಅಕ್ಕ ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು.

"ಇವರೇ ಕಣೇ! ಅಪ್ಪನ್ನ ಡಿಪೊದಲ್ಲಿ ಬಿಟ್ಬುಟ್ಟು ಒಬ್ಳೇ ಬರ್ತಿದ್ನಾ, ರೈಲ್ವೆ ಗೇಟ್ ಹಾಕಿದ್ರು. ಇವರು ಪಕ್ಕದಲ್ಲಿ ಸೈಕಲ್ ಹಿಡ್ಕೊಂಡು ನಿಂತಿದ್ರು. ಇಷ್ಟು ದೊಡ್ಡ ಗಾಡೀನ ಎಷ್ಟು ಸಲೀಸಾಗಿ ಓಡಿಸ್ತೀರಿ ಅಂದ್ರು ಕಣೇ..."

ಮದುವೆಯಾದರೆ ಇವರನ್ನೇ ಎಂದು ಅವಳು ಬಾಯಿಬಿಟ್ಟು ಹೇಳಿದ್ದು ನನ್ನೊಬ್ಬಳ ಹತ್ತಿರ. ರಸ್ತೆಯಲ್ಲಿ ಗುರುತಿಲ್ಲದ ಗಂಡಸಿನ ಜೊತೆ ಮಾತಾಡಿದೆ ಎಂದು ಅಪ್ಪನಿಗೆ ಹೇಳುವುದುಂಟೇ? ಕಾಲು ಮುರಿದು ಮನೆಯಲ್ಲಿ ಕೂರಿಸುತ್ತಿದ್ದರು.

ಹೆಣ್ಣು ನೋಡಲು ಬರುತ್ತಾರೆಂಬ ಸುದ್ದಿ ಎದುರುಮನೆಗೆ ಹೇಗೋ ಮುಟ್ಟಿತು. ಎಂದೂ ನಮ್ಮ ಹೊಸಲು ತುಳಿಯದಿದ್ದ ಆ ಮಹಾನುಭಾವರು ರಸ್ತೆ ದಾಟಿ ಬಂದರು. "ಗೌಡ್ರೇ, ನಿಮ್ಮ ಒಳ್ಳೇದಕ್ಕೆ ಹೇಳ್ತಿದೀನಿ. ಗಂಡಿನ ಕಡೆಯೋರು ಬರೋ ಹೊತ್ತಿಗೆ ಈ ಕಾರು ಇಲ್ಲಿರಬಾರ್ದು. ಹುಡುಗಿ ಇಂಥ ಕಾರು ಓಡಿಸ್ತಾಳೆ ಅಂತ ಗೊತ್ತಾದ್ರೆ ಬಾಗಿಲಿಂದಲೇ ತಿರುಗಿ ಹೋಗ್ತಾರೆ. ಮೊದಲು ಮಾರಿ ಕಳಿಸಿ."

ಬಂಗಲೆಯವರ ಮಾತೆಂದರೆ ಅಪ್ಪನಿಗೆ ವೇದವಾಕ್ಯ. ಇವರೆಲ್ಲ ತಮ್ಮನ್ನು ಹಳ್ಳಿ ಗಮಾರ ಅಂದುಕೊಂಡಾರು ಎಂಬ ಅಳುಕು ಕಡೆಯವರೆಗೂ ಅವರನ್ನು ಬಿಡಲಿಲ್ಲ. ಅಕ್ಕ, "ಬೇಡ ಕಣಪ್ಪ, ಮಾರಬೇಡ" ಎಂದು ಅತ್ತಳು. "ತಿಳಿದೋರು ಏಳ್ತಾವ್ರೆ, ಸುಮ್ಸುಮ್ನೆ ಏಳ್ತಾರಾ? ಮದ್ವೆ ಆಗೋಗಂಟ ಕಾರಿನ ಸುದ್ದಿ ಎತ್ಬ್ಯಾಡ" ಎಂದರು ಅಪ್ಪ. ನಂಜನಗೂಡಿನ ಕಡೆಯವರಾರೋ ಬಂದು ದುಡ್ಡು ಕೊಟ್ಟು ಕಾರನ್ನು ಹೊಡೆದುಕೊಂಡು ಹೋದರು. ಕಾರು ನಿಲ್ಲುತ್ತಿದ್ದ ಜಾಗದ ಎಣ್ಣೆ ಕಲೆಯ ಮೇಲೆ ಅಮ್ಮ ಸಗಣಿ ಸಾರಿಸಿ ರಂಗೋಲಿ ಹಾಕಿದಳು.

ಗಂಡಿನವರು ಬಂದರು. ಉಪ್ಪಿಟ್ಟು, ಕೇಸರಿಬಾತು ಆಯಿತು. ಅಕ್ಕ ಕಾಫಿ ಕೊಟ್ಟು ಚಾಪೆಯ ಮೇಲೆ ತಲೆ ತಗ್ಗಿಸಿ ಕೂತಳು. ಹುಡುಗನ ತಾಯಿ ನಗುತ್ತಲೇ ಕೇಳಿದರು: "ಹುಡುಗಿ ಕಾರು ಓಡಿಸ್ತಾಳಂತಲ್ಲ?"

ಇದೇ ಪರೀಕ್ಷೆ ಎಂದುಕೊಂಡರು ನಮ್ಮಪ್ಪ. "ಅಯ್ಯಯ್ಯೋ, ಎಲ್ಲಾರ ಉಂಟಾ ತಾಯಿ! ಯಾರೋ ಆಗದೋರು ಏಳಿರ್ಬೇಕು. ನಮ್ಮುಡುಗಿ ಸೈಕಲ್ಲನ್ನೂ ಮುಟ್ದೋಳಲ್ಲ."

ಹುಡುಗ ತಲೆಯೆತ್ತಿ ಅಕ್ಕನನ್ನೇ ನೋಡಿದ. ಅಕ್ಕ ಬಾಯಿ ತೆರೆದಳು. ಅಮ್ಮ ಹಿಂದಿನಿಂದ ಚಿವುಟಿದಳು. ತುಂಬಿದ ಸಭೆಯಲ್ಲಿ ಅಪ್ಪನನ್ನು ಸುಳ್ಳುಗಾರನೆನ್ನುವುದು ಯಾವ ಮಗಳಿಂದಾದೀತು? ಬಾಯಿ ಮುಚ್ಚಿದಳು. "ಹೌದಾ..." ಎಂದ ಆ ತಾಯಿ ಕಾಫಿ ಲೋಟ ಕೆಳಗಿಟ್ಟರು. ಸ್ವಲ್ಪ ಹೊತ್ತಿಗೇ ಎಲ್ಲರೂ ಎದ್ದು ಹೊರಟರು.

ಉತ್ತರ ತಂದವನು ಸೋದರಮಾವ. "ಕಾರು ಓಡಿಸೋ ಹುಡುಗಿ ಅಂತಲೇ ಇಷ್ಟಪಟ್ಟು ಬಂದಿದ್ರಂತೆ ಭಾವ! ಮಗ ಕಣ್ಣಾರೆ ಕಂಡಿದ್ದನ್ನೇ ಇಲ್ಲ ಅಂದೋರು ಇನ್ನೇನೇನು ಮುಚ್ಚಿಡ್ತಾರೋ ಅಂದ್ಬುಟ್ರು ಆಯಮ್ಮ." ಅಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಕೂತರು. ಅಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸಂಜೆ ಎದುರುಮನೆಯವರು ಮತ್ತೆ ಬಂದರು. ಪಶ್ಚಾತ್ತಾಪವೇ? ಎಲ್ಲಿಯ ಮಾತು! "ನಾನು ಹೇಳಿರಲಿಲ್ವೇ ಗೌಡ್ರೇ? ಕಾರು ಹೋದರೂ ಅದರ ಕೆಟ್ಟ ಹೆಸರು ಹೋಗಲ್ಲ" ಎಂದರು. ಅಪ್ಪ ತಲೆಯಾಡಿಸಿದರು. ನನಗೆ ಎಲ್ಲಿತ್ತೋ ಸಿಟ್ಟು. "ನಿಮ್ಮ ಕಾರಿಂದೇನು ಗುಣ ಸಾಹೇಬ್ರೇ, ಶೆಡ್ ಬಿಟ್ಟು ಈಚೆಗೇ ಬರಲ್ವಲ್ಲ?" ಎಂದುಬಿಟ್ಟೆ. ಅಮ್ಮ ಕೆನ್ನೆಗೆ ಬಾರಿಸಿದಳು. ಅದಕ್ಕೆ ನನಗೆ ಇವತ್ತಿಗೂ ಬೇಜಾರಿಲ್ಲ. ಇನ್ನೂ ನಾಲ್ಕು ಮಾತು ಆಡಬೇಕಿತ್ತು.

ಆಮೇಲೆ ಅಕ್ಕನನ್ನು ಹಾಸನದ ಕಡೆ ಒಂದು ಮನೆಗೆ ಕೊಟ್ಟರು. ಭಾವ ಕೆಟ್ಟವರಲ್ಲ. ಕಾಲಕ್ರಮದಲ್ಲಿ ಅವರೂ ಕಾರು ಕೊಂಡರು, ಮಕ್ಕಳು ಕೊಂಡರು. ಅಕ್ಕ ಒಂದು ದಿನವೂ ಸ್ಟೇರಿಂಗ್ ಮುಟ್ಟಲಿಲ್ಲ. ಅರವತ್ತರ ದಶಕದಲ್ಲಿ ಎದುರುಮನೆಯವರು ತೀರಿಕೊಂಡಾಗ ಬೀದಿಯೆಲ್ಲ ಹೋಗಿ ನೋಡಿ ಬಂತು. ನಾನು ನಮ್ಮ ಜಗುಲಿ ಇಳಿಯಲಿಲ್ಲ. ಅವರು ಕಳ್ಳರಲ್ಲ, ಕೊಲೆಗಾರರಲ್ಲ, ನಮ್ಮ ಒಳ್ಳೆಯದಕ್ಕೇ ಹೇಳಿದ್ದರೆಂದೂ ನಂಬುತ್ತೇನೆ. ಆದರೂ ಕ್ಷಮಿಸಲಾರೆ.

ಹೋದ ವರ್ಷ ಅಕ್ಕ ಹೋಗಿಬಿಟ್ಟಳು. ಅದಕ್ಕೆ ಕೆಲವು ತಿಂಗಳು ಮುಂಚೆ ನನ್ನ ಮಗಳು ನಮ್ಮಿಬ್ಬರನ್ನೂ ಊರ ಹೊರಗೆ ಕಾರಿನಲ್ಲಿ ಸುತ್ತಾಡಿಸಿದ್ದಳು. ಮುಂದಿನ ಸೀಟಿನಲ್ಲಿ ಕೂತ ಅಕ್ಕನ ಬಲಗಾಲು, ತಿರುವು ಬಂದಾಗಲೆಲ್ಲ, ಅಲ್ಲಿ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಮಗಳು ಅದನ್ನು ಕಂಡು ಖಾಲಿ ರಸ್ತೆಯಲ್ಲಿ ಗಾಡಿ ನಿಲ್ಲಿಸಿದಳು. "ದೊಡ್ಡಮ್ಮ, ಈ ಕಡೆ ಬನ್ನಿ. ಸ್ವಲ್ಪ ದೂರ ನೀವೇ ಓಡಿಸಿ." ಅಕ್ಕ ಕೈ ಚಾಚಿ ಸ್ಟೇರಿಂಗ್ ಮುಟ್ಟಿದಳು, ಸವರಿದಳು. ಆಮೇಲೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಬೇಡ ಕಣಮ್ಮ... ಯಾರಾದ್ರೂ ನೋಡ್ತಾರೆ."

ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಎದುರುಮನೆಯವರು ಸತ್ತು ಐವತ್ತು ವರ್ಷ ದಾಟಿತ್ತು.